ಅಪ್ಪನನ್ನು ಎಬ್ಬಿಸಮ್ಮ

ಲಂಡನ್, ನವೆಂಬರ್ 9

ಅಮ್ಮ,

ನಮಸ್ಕಾರ. ನಾನು ಕ್ಷೇಮ, ನೀವೂ ಕ್ಷೇಮ ಅಂದುಕೊಂಡಿದ್ದೇನೆ.

ಕಾಗದ ತಲುಪಿತು. "ಅಪ್ಪ ಆರಾಮಾಗಿ ಕೂತಿದ್ದಾರೆ" ಅಂತ ಬರೆದಿದ್ದೀಯ. ಯಾಕೆ ಕೂತಿದ್ದಾರೆ ಅಂತ ಅಕ್ಕ ಫೋನಲ್ಲಿ ಹೇಳಿದಳು. ಬಚ್ಚಲಲ್ಲಿ ಜಾರಿ ಬಿದ್ದು ಒಂದೂವರೆ ತಿಂಗಳಾಯಿತು. ಮೂಳೆಗೆ ಏನೂ ಆಗಿಲ್ಲ, ಡಾಕ್ಟರು ದಿನಾ ನಡೆಯಿರಿ ಅಂದಿದ್ದಾರೆ. ನೀನೇ ಏಳಲು ಬಿಡುತ್ತಿಲ್ಲವಂತೆ. ನೀರಿನ ಲೋಟವೂ ಕುರ್ಚಿಗೇ ಬರುತ್ತದಂತೆ.

ಬೈಯಲು ಬರೆಯುತ್ತಿಲ್ಲಮ್ಮ. ಒಂದು ಮರದ ವಿಷಯ ಹೇಳಬೇಕು.

ಬೆಳಿಗ್ಗೆ ಪಾರ್ಕಿನಲ್ಲಿ ಓಡಿ, ಆಮೇಲೆ ಪ್ಲೇನ್ ಅಂತ ಕರೆಯುವ ಒಂದು ಮರಕ್ಕೆ ಕೈಯೂರಿ ನಿಂತೇ ದಂಡ ಹೊಡೆಯುತ್ತೇನೆ. ಈ ಊರಲ್ಲಿ ಎಲ್ಲಿ ನೋಡಿದರೂ ಇದೇ ಮರ. ತೊಗಟೆ ಸುಣ್ಣ ಉದುರಿದ ಗೋಡೆಯ ಹಾಗೆ ಚಕ್ಕೆ ಚಕ್ಕೆಯಾಗಿ ಬೀಳುತ್ತದೆ, ಒಳಗೆ ಹಳದಿ, ಹಸಿರು. ನೀನು ನೋಡಿದರೆ ರೋಗ ಅಂತೀಯ. ಅದರ ಜಾತಿಯೇ ಹಾಗೆ, ಮರ ಗಟ್ಟಿಮುಟ್ಟು. ಅಂದ ಹಾಗೆ ಇಲ್ಲಿ ನಾಯಿಗೆ ರೈನ್‌ಕೋಟು, ಹಿಡಿದುಕೊಂಡವನಿಗೆ ಚಡ್ಡಿ!

ಆ ಮರದ ಪಕ್ಕದಲ್ಲಿ ಹೊಸದಾಗಿ ನೆಟ್ಟ ಗಿಡವೊಂದಿದೆ, ನನಗಿಂತ ಎತ್ತರ. ಆಸರೆಗೆ ಕೋಲು ಕೊಟ್ಟಿದ್ದಾರೆ, ಆದರೆ ನನ್ನ ಸೊಂಟದ ಮಟ್ಟಕ್ಕೆ ಅಷ್ಟೇ. ರಬ್ಬರ್ ಪಟ್ಟಿಯೂ ಸಡಿಲ. ಗಾಳಿ ಬಂದರೆ ತಲೆ ಓಲಾಡುತ್ತದೆ. ಇದೇನು ಅರೆಬರೆ ಕೆಲಸ ಅಂತ ಮಾಲಿಯನ್ನು ಕೇಳಿದೆ. ನಕ್ಕ. ಮೇಲಿನ ತನಕ ಬಿಗಿದು ಕಟ್ಟಿದರೆ ಕಾಂಡ ದಪ್ಪವಾಗುವುದಿಲ್ಲ, ಸುಮ್ನೆ ಉದ್ದ ಬೆಳೆದು ಕೋಲು ತೆಗೆದ ದಿನ ಬಾಗಿಬಿಡುತ್ತದೆ ಅಂದ. ಅಲ್ಲಾಡಿದರೇನೇ ಬುಡ ಗಟ್ಟಿಯಾಗುವುದಂತೆ. ಬೇರು ಕದಲದ ಹಾಗೆ ಕೆಳಗೆ ಹಿಡಿದರೆ ಸಾಕು. ಒಂದೆರಡು ವರ್ಷಕ್ಕೆ ಆ ಕೋಲನ್ನೂ ಕಿತ್ತುಹಾಕುತ್ತಾರೆ.

ಅವತ್ತು ದಂಡ ಅರ್ಧಕ್ಕೇ ನಿಂತಿತು. ನೀವಿಬ್ಬರೇ ಕಣ್ಣಮುಂದೆ.

ಅಪ್ಪನ ಕಂಕುಳಿಗೆ ಕೈ ಹಾಕಿ ಎತ್ತಬೇಡ. ಕುರ್ಚಿಯ ಕೈ ಹಿಡಿದು ಅವರೇ ಏಳಲಿ, ನೀನು ಪಕ್ಕದಲ್ಲಿ ನಿಲ್ಲು. ಮೊದಲು ಬಾಗಿಲ ತನಕ, ಆಮೇಲೆ ಅಂಗಳಕ್ಕೆ. ಸ್ವಲ್ಪ ಓಲಾಡಿದರೆ ಕಿರುಚಬೇಡ, ಅವರಿಗೆ ಅದೇ ಜಾಸ್ತಿ ಭಯ. ಬಚ್ಚಲ ಗೋಡೆಗೆ ಹಿಡಿ ಹಾಕಿಸಲು ಅಕ್ಕನಿಗೆ ಹೇಳಿದ್ದೇನೆ.

ನನ್ನ ಚಿಂತೆ ಬೇಡವೇ ಬೇಡ. ಟೋಪಿ ಹಾಕುತ್ತೇನೆ, ಎರಡು ಸ್ವೆಟರ್ ಹಾಕುತ್ತೇನೆ, ಕೆಮ್ಮು ಇಲ್ಲ, ಇದ್ದದ್ದೂ ಹೋಯಿತು. ಬಸ್ಸಿಗೆ ಹೊತ್ತಾಯಿತು.

ನಿನ್ನ ಮಗ

ಈ ಕಾಗದ ಅಪ್ಪನಿಗೆ ಓದಿ ಹೇಳಬೇಡ. ಟಿವಿ ಮೇಲಿಡು, ಎದ್ದು ಬಂದು ತಗೊಳ್ಳಲಿ.