ಅತ್ತಿಮಬ್ಬೆ ಎಂಬ ಹೆಸರಿಗೆ ‘ದಾನಶೀಲೆ’ ಎಂಬ ಅರ್ಥವಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಹೆಣ್ಣುಮಕ್ಕಳಿಗೆ ಇಡಬಹುದಾದ ಅಪರೂಪದ ಹೆಸರುಗಳ ಪಟ್ಟಿಯೊಂದು ತಮ್ಮ ಪತ್ರಿಕೆಯ ಪುರವಣಿಯಲ್ಲಿ ಪ್ರಕಟವಾಗಿದ್ದು, ಅದರಲ್ಲಿ ಅತ್ತಿಮಬ್ಬೆ ಎಂಬ ಹೆಸರೂ ಸೇರಿರುವುದನ್ನು ಕಂಡು ಮನಸ್ಸಿಗೆ ಬಹಳ ಸಂತೋಷವಾಯಿತು. ಶಾಲೆಗೆ, ಬೀದಿಗೆ, ಸಭಾಂಗಣಕ್ಕೆ ಮಾತ್ರ ಸಲ್ಲುವ ಹೆಸರೆಂದು ನಾವೆಲ್ಲ ದೂರವಿಟ್ಟಿದ್ದ ಹೆಸರನ್ನು ತೊಟ್ಟಿಲ ಮಗುವಿಗೂ ಇಡಬಹುದು ಎಂದು ಯಾರಿಗೋ ತೋಚಿದ್ದೇ ದೊಡ್ಡ ವಿಷಯ. ಆದರೆ ಹೆಸರಿನ ಮುಂದೆ ‘ದಾನಶೀಲೆ, ಉದಾರ ಗುಣದವಳು’ ಎಂದು ಕೊಟ್ಟಿರುವ ಅರ್ಥ ಸರಿಯಲ್ಲವೆಂಬುದನ್ನು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ಹೆಸರನ್ನು ಹೊತ್ತವಳ ಕೀರ್ತಿಯೇ ಹೆಸರಿನ ಅರ್ಥವಾಗಿ ಅಚ್ಚಾಗಿಬಿಟ್ಟಿದೆ.

ಈ ಗೊಂದಲ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ‘ದಾನಚಿಂತಾಮಣಿ’ ಎಂಬುದು ಆಕೆಗೆ ಸಂದ ಬಿರುದು. ಬಿರುದು ಮತ್ತು ಹೆಸರು ಸಾವಿರ ವರ್ಷಗಳಿಂದ ಜೊತೆಜೊತೆಯಾಗಿಯೇ ಓಡಾಡಿಕೊಂಡು ಬಂದಿರುವುದರಿಂದ ಒಂದರ ಅರ್ಥ ಇನ್ನೊಂದಕ್ಕೆ ಅಂಟಿಕೊಂಡಿದೆ. ಆ ಬಿರುದಿಗೆ ಆಕೆ ಎಲ್ಲ ರೀತಿಯಿಂದಲೂ ಅರ್ಹಳು ಎಂಬುದರಲ್ಲಿ ಎರಡು ಮಾತಿಲ್ಲ. ಕಲ್ಯಾಣದ ಚಾಲುಕ್ಯರ ತೈಲಪ ಮತ್ತು ಅವನ ಮಗ ಇರಿವಬೆಡಂಗ ಸತ್ಯಾಶ್ರಯನ ಕಾಲದಲ್ಲಿ ಬಾಳಿದ ಈ ಜೈನ ಮಹಿಳೆ ಮಲ್ಲಪಯ್ಯ ಮತ್ತು ಅಪ್ಪಕಬ್ಬೆಯರ ಮಗಳು. ಮಂತ್ರಿ ಧಲ್ಲಪನ ಮಗ ನಾಗದೇವನ ಹೆಂಡತಿ. ನಾಗದೇವ ತೀರಿಕೊಂಡಾಗ, ಅವನನ್ನೇ ವರಿಸಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು; ಅತ್ತಿಮಬ್ಬೆಯಾದರೋ ಮಗ ಅಣ್ಣಿಗದೇವನನ್ನು ಬೆಳೆಸುವ ಹೊಣೆ ಹೊತ್ತು ಉಳಿದು, ಉಳಿದ ಆಯುಷ್ಯವನ್ನೆಲ್ಲ ಧರ್ಮಕ್ಕೂ ಕನ್ನಡ ಕಾವ್ಯಕ್ಕೂ ಮೀಸಲಿಟ್ಟಳು. ತನ್ನ ತಂದೆ ಮತ್ತು ಚಿಕ್ಕಪ್ಪನ ಆಶ್ರಯದಲ್ಲಿ ಪೊನ್ನ ಕವಿ ರಚಿಸಿದ್ದ ಶಾಂತಿಪುರಾಣ ಕಾಲಾಂತರದಲ್ಲಿ ಕಳೆದುಹೋಗಬಾರದೆಂದು ಅದರ 1000 ಪ್ರತಿಗಳನ್ನು ಬರೆಸಿ ಹಂಚಿದಳು ಎಂಬ ಮಾತು ಪ್ರಸಿದ್ಧವಾಗಿದೆ. ತಾಳೆಗರಿಯನ್ನು ಹದಮಾಡಿ, ಒಂದೇ ಅಳತೆಗೆ ಕತ್ತರಿಸಿ, ಕಂಟವೆಂಬ ಮೊನಚು ಲೇಖನಿಯಿಂದ ಅಕ್ಷರ ಕೊರೆದು, ಕೊರೆದ ಗೆರೆಗಳಿಗೆ ಮಸಿ ತೊಡೆದು, ತೂತಿಗೆ ದಾರ ಪೋಣಿಸಿ ಕಟ್ಟಬೇಕಾಗಿದ್ದ ಕಾಲದಲ್ಲಿ ಒಂದು ಪ್ರತಿ ಮಾಡಿಸುವುದೇ ತಿಂಗಳುಗಟ್ಟಲೆಯ ಕೆಲಸ. 1500 ಜಿನಬಿಂಬಗಳನ್ನು ಮಾಡಿಸಿ ದಾನವಿತ್ತದ್ದು, ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ್ದು, ರನ್ನನಿಂದ ಅಜಿತಪುರಾಣವನ್ನು ಬರೆಸಿದ್ದು, ಇವೆಲ್ಲ ಆ ಬಿರುದಿನ ಹಿಂದಿರುವ ಸಂಗತಿಗಳು. 993ರಲ್ಲಿ ಮುಗಿದ ಆ ಕಾವ್ಯದಲ್ಲಿ ರನ್ನ ಆಕೆಯ ನಡತೆಯನ್ನು ಬಿಳಿಯ ಅರಳೆಗೂ ಗಂಗಾಜಲಕ್ಕೂ ಜೈನರ ಪುಣ್ಯಕ್ಷೇತ್ರವಾದ ಕೊಪಣದ (ಇಂದಿನ ಕೊಪ್ಪಳದ) ಬೆಟ್ಟಕ್ಕೂ ಹೋಲಿಸಿ ಹಾಡಿದ್ದಾನೆ. ಆದರೆ ಈ ಹೊಗಳಿಕೆಯೆಲ್ಲ ಆಕೆಗೆ ಸಲ್ಲಬೇಕಾದದ್ದು. ಹೆಸರನ್ನು ಇಟ್ಟಾಗ ಆಕೆ ಇನ್ನೂ ತೊಟ್ಟಿಲಲ್ಲಿದ್ದಳು. ದಾನದ ಮಾತು ಆಗ ಯಾರಿಗೂ ಗೊತ್ತಿರಲಿಲ್ಲ.

ಹಾಗಾದರೆ ಹೆಸರಿನ ಅರ್ಥವೇನು? ಅದನ್ನು ಹುಡುಕಬೇಕಾದ ಮೊದಲ ಜಾಗ ಆಕೆಯ ಮನೆಯೇ. ಅತ್ತಿಮಬ್ಬೆಯ ಒಡಹುಟ್ಟಿದವರಲ್ಲಿ ಒಬ್ಬನ ಹೆಸರು ಗುಂಡಮಯ್ಯ, ತಂಗಿಯ ಹೆಸರು ಗುಂಡಮಬ್ಬೆ. ಈ ಎರಡು ಹೆಸರುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಆ ಕಾಲದ ಕನ್ನಡಿಗರು ಹೆಸರು ಕಟ್ಟುತ್ತಿದ್ದ ಬಗೆ ಕಣ್ಣಿಗೆ ಕಾಣುತ್ತದೆ: ಗುಂಡಮ ಎಂಬ ಮೊದಲ ಭಾಗ ಇಬ್ಬರಿಗೂ ಒಂದೇ, ಗಂಡಾದರೆ ಅದಕ್ಕೆ ಅಯ್ಯ ಸೇರುತ್ತದೆ, ಹೆಣ್ಣಾದರೆ ಅಬ್ಬೆ ಸೇರುತ್ತದೆ. ಅಬ್ಬೆ ಎಂದರೆ ತಾಯಿ. ಇದು ನಿಘಂಟಿನಲ್ಲಿ ಮಾತ್ರ ಉಳಿದ ಪದವೂ ಅಲ್ಲ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಹವ್ಯಕರ ಮನೆಗಳಲ್ಲಿ ಮಕ್ಕಳು ಇಂದಿಗೂ ತಾಯಿಯನ್ನು ಅಬ್ಬೆ ಎಂದೇ ಕರೆಯುತ್ತಾರೆ. ಹೀಗಾಗಿ ಅತ್ತಿಮಬ್ಬೆ ಎಂಬುದನ್ನು ಅತ್ತಿಮ ಮತ್ತು ಅಬ್ಬೆ ಎಂದು ಬಿಡಿಸಬೇಕೇ ಹೊರತು, ಇಡೀ ಹೆಸರನ್ನು ಒಂದೇ ಪದವೆಂದು ಭಾವಿಸಿ ಅದಕ್ಕೊಂದು ಗುಣವಾಚಕವನ್ನು ಅಂಟಿಸುವುದು ತರವಲ್ಲ.

ಅತ್ತಿ ಎಂಬ ಮೊದಲ ಭಾಗದ ಬಗ್ಗೆ ವಿದ್ವಾಂಸರು ಬೇರೆ ಬೇರೆ ದಿಕ್ಕಿನಲ್ಲಿ ಯೋಚಿಸಲು ಅವಕಾಶವಿದೆ. ಅಕ್ಕ ಎಂಬ ಅರ್ಥದ ‘ಅತ್ತಿಕಾ’ ಎಂಬ ಪದ ಅಮರಕೋಶದಲ್ಲಿ ಬರುತ್ತದೆ. ಆನೆಯನ್ನು ಹೇಳುವ ಹಸ್ತಿ ಶಬ್ದ ತಮಿಳಿನಲ್ಲಿ ಅತ್ತಿಯಾಗಿ ಬಳಕೆಯಾಗಿದೆ. ಆದರೂ ಕನ್ನಡದ ಕಿವಿಗೆ ಅತ್ತಿ ಎಂದೊಡನೆ ಮೊದಲು ಹೊಳೆಯುವುದು ಅತ್ತಿಮರ, ಅಂದರೆ ಸಂಸ್ಕೃತದ ಉದುಂಬರ. ಬುಡದಿಂದ ಕೊಂಬೆಯವರೆಗೆ ಗೊಂಚಲು ಗೊಂಚಲಾಗಿ ಕಾಯಿ ಬಿಟ್ಟು, ಹಕ್ಕಿಗೂ ದನಕ್ಕೂ ದಾರಿಹೋಕರಿಗೂ ನೆರಳಾಗುವ, ಊರವರು ಕೈಮುಗಿಯುವ ಮರವದು. ಪೊನ್ನ, ರನ್ನ, ಗುಂಡ ಎಂದು ಕಣ್ಣೆದುರಿನ ವಸ್ತುಗಳನ್ನೇ ಹೆಸರಾಗಿ ಇಟ್ಟುಕೊಳ್ಳುತ್ತಿದ್ದ ಆ ಕಾಲದ ರೂಢಿಯನ್ನು ಗಮನಿಸಿದರೆ, ಮೂರರಲ್ಲಿ ಮರದ ಅರ್ಥವೇ ಹೆಚ್ಚು ಸಹಜವೆಂದು ನನ್ನ ಅಭಿಪ್ರಾಯ. ಬೇರೆ ಅರ್ಥವನ್ನು ಒಪ್ಪುವವರೂ ‘ದಾನಶೀಲೆ’ ಎಂಬಲ್ಲಿಗೆ ಮಾತ್ರ ಬಂದು ಮುಟ್ಟಲಾರರು.

ಪಟ್ಟಿಯಲ್ಲಿ ಈ ಹೆಸರನ್ನು ‘ಅಪರೂಪ’ ಎಂದು ಗುರುತಿಸಿರುವುದು ಇಂದಿನ ಮಟ್ಟಿಗೆ ನಿಜ. ಆದರೆ ಒಂದು ಕಾಲದಲ್ಲಿ ಅಬ್ಬೆ ಎಂದು ಮುಗಿಯುವ ಹೆಸರುಗಳು ಕನ್ನಡ ನಾಡಿನಲ್ಲಿ ಎಷ್ಟು ಸಾಮಾನ್ಯವಾಗಿದ್ದವು ಎಂಬುದನ್ನು ಓದುಗರು ತಿಳಿದರೆ ಆಶ್ಚರ್ಯಪಟ್ಟಾರು. ಪಂಪನ ತಾಯಿ ಅಬ್ಬಣಬ್ಬೆ. ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ, ಈಗ ತೆಲಂಗಾಣದಲ್ಲಿರುವ ಕುರಿಕ್ಯಾಲದ ಶಾಸನ ಅದನ್ನು ಹೇಳುತ್ತದೆ. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನ ತಾಯಿ ಅಬ್ಬಲಬ್ಬೆ. 10ನೇ ಶತಮಾನದ ಆರಂಭದಲ್ಲಿ ಗಂಡ ಸತ್ತ ಮೇಲೆ ನಾಗರಖಂಡ ಎಪ್ಪತ್ತು ಎಂಬ ನಾಡಿನ ಆಡಳಿತವನ್ನು ವಹಿಸಿಕೊಂಡು, ಕೊನೆಗೆ ಬಂದಳಿಕೆಯಲ್ಲಿ ಸಲ್ಲೇಖನದಿಂದ, ಅಂದರೆ ಜೈನರ ಉಪವಾಸವ್ರತದಿಂದ, ದೇಹ ಬಿಟ್ಟವಳು ಜಕ್ಕಿಯಬ್ಬೆ. ಗಂಗರ ಬೂತುಗನ ಅಕ್ಕ, ಅರಮನೆಯ ಸುಖವನ್ನು ಬಿಟ್ಟು ತಪಸ್ಸಿಗೆ ನಿಂತವಳು ಪಾಂಬಬ್ಬೆ. ಹೆಗ್ಗಡದೇವನಕೋಟೆಯ ಕಡೆಯ ಬೆಳತೂರಿನಲ್ಲಿ, ತಂದೆತಾಯಿ ಬೇಡವೆಂದು ಗೋಗರೆದರೂ ಕೇಳದೆ ಗಂಡನ ಹಿಂದೆಯೇ 1057ರಲ್ಲಿ ಬೆಂಕಿಗೆ ಬಿದ್ದವಳು ದೇಕಬ್ಬೆ. ವಿಷ್ಣುವರ್ಧನನ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆ. ರಾಣಿವಾಸದಿಂದ ಬಳೆಗಾರರ ಮನೆಯವರೆಗೆ, ಆಡಳಿತ ನಡೆಸಿದವಳಿಂದ ಹಳ್ಳಿಯ ಗೃಹಿಣಿಯವರೆಗೆ ಎಲ್ಲರಿಗೂ ಸಲ್ಲುತ್ತಿದ್ದ ಹೆಸರುಗಳಿವು.

ಅಬ್ಬೆ ಎಂಬ ಈ ಬಾಲ ಎಲ್ಲಿ ಹೋಯಿತು ಎಂದು ಕೇಳುವವರಿಗೆ ನಾನು ವಚನಕಾರ್ತಿಯರ ಹೆಸರುಗಳನ್ನು ತೋರಿಸಲು ಇಷ್ಟಪಡುತ್ತೇನೆ. ಕದಿರ ರೆಮ್ಮವ್ವೆ, ಉರಿಲಿಂಗಪೆದ್ದಿಯ ಪುಣ್ಯಸ್ತ್ರೀ ಕಾಳವ್ವೆ, ಸಂಕವ್ವೆ: ಇಲ್ಲಿ ಅಬ್ಬೆ ಅವ್ವೆಯಾಗಿದೆ, ಅಷ್ಟೇ. ಅಲ್ಲಿಂದ ಮುಂದೆ ಅವ್ವೆ ಅವ್ವವಾಗಿ, ಉತ್ತರ ಕರ್ನಾಟಕದ ಗಂಗವ್ವ, ನೀಲವ್ವ, ಶಾಂತವ್ವ, ಯಲ್ಲವ್ವರಲ್ಲಿ ಇಂದಿಗೂ ಜೀವಂತವಾಗಿದೆ. ದಕ್ಷಿಣದ ಕಡೆ ಆ ಜಾಗಕ್ಕೆ ಅಮ್ಮ ಬಂದು ಕೂತಿದೆ. ಅಂದರೆ ಗಂಗವ್ವ ಎಂಬ ಹೆಸರಿನ ಅಜ್ಜಿಯೊಬ್ಬಳು ನಮ್ಮ ಮನೆಯಲ್ಲಿದ್ದರೆ, ಅತ್ತಿಮಬ್ಬೆಯ ಹೆಸರಿನ ಅರ್ಧ ಭಾಗ ನಮ್ಮ ಮನೆಯಲ್ಲಿ ಈಗಲೂ ಇದೆ ಎಂದಾಯಿತು. ಇಷ್ಟು ಹತ್ತಿರದ ಹೆಸರನ್ನು ಹಳೆಗನ್ನಡದ ಕಠಿಣ ಹೆಸರೆಂದು ತಳ್ಳಿಹಾಕುವುದು ನನಗೆ ನೋವಿನ ಸಂಗತಿಯಾಗಿ ಕಾಣುತ್ತದೆ.

ಅತ್ತಿಮಬ್ಬೆ ಎಂಬ ಹೆಸರನ್ನು ಮಗುವಿಗೆ ಇಡಬಹುದೇ ಎಂಬ ಪ್ರಶ್ನೆಗೆ ಸಾವಿರ ವರ್ಷಗಳ ಹಿಂದೆಯೇ ಉತ್ತರ ದೊರೆತಿದೆ. ರನ್ನ ತನ್ನ ಮಗನಿಗೆ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟ. ಒಂದು ಹೆಸರು ತನಗೆ ನೆರವಾದ ಚಾವುಂಡರಾಯನದು, ಇನ್ನೊಂದು ತನ್ನಿಂದ ಕಾವ್ಯ ಬರೆಸಿದ ಮಹಾತಾಯಿಯದು. ಕವಿಯೊಬ್ಬ ಕೃತಜ್ಞತೆಯನ್ನು ಕಾವ್ಯದಲ್ಲಿ ಹೇಳಿದ್ದು ಸಾಲದೆಂದು, ಮನೆಯಲ್ಲಿ ದಿನವೂ ಹತ್ತಾರು ಸಲ ಕೂಗಿ ಕರೆಯುವ ಹೆಸರಿನಲ್ಲೂ ಇಟ್ಟುಕೊಂಡ ಈ ಸಂಗತಿ ನನಗಂತೂ ಅಜಿತಪುರಾಣದ ಹೊಗಳಿಕೆಯ ಪದ್ಯಗಳಷ್ಟೇ ಅಮೂಲ್ಯವಾದದ್ದು. ತಮ್ಮ ಪುರವಣಿ ಈ ಹೆಸರಿನ ಬಗ್ಗೆ ನಾಲ್ಕೇ ಸಾಲು ಬರೆಯುವುದಾದರೆ ಅದರಲ್ಲಿ ಒಂದು ಸಾಲು ಇದಕ್ಕೆ ಸಲ್ಲಬೇಕಿತ್ತು.

ಇಂದು ಈ ಹೆಸರು ಮಕ್ಕಳಲ್ಲಿ ಕೇಳಿಬರದಿರುವುದಕ್ಕೆ ಕಾರಣಗಳು ಹಲವು. ಎರಡಕ್ಷರದ, ಯಾವ ಭಾಷೆಯವರಿಗೂ ಉಚ್ಚರಿಸಲು ಸುಲಭವಾದ, ಎಲ್ಲೂ ಕೇಳಿರದ ಹೆಸರೇ ಬೇಕೆಂಬುದು ಈಗಿನ ತಂದೆತಾಯಿಯರ ಹಂಬಲ. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಹೆಸರಿಡುವುದು ಅವರವರ ಹಕ್ಕು. ಆದರೆ ಆ ಹಂಬಲವನ್ನು ಪೂರೈಸಲು ಹೊರಟ ಪಟ್ಟಿಗಳು, ಎರಡು ಅಕ್ಷರಗಳನ್ನು ಹೇಗೋ ಜೋಡಿಸಿ ‘ದೇವರ ಕೊಡುಗೆ’, ‘ಬೆಳಕಿನ ಕಿರಣ’ ಎಂದು ಯಾವ ನಿಘಂಟಿನಲ್ಲೂ ಇಲ್ಲದ ಅರ್ಥಗಳನ್ನು ಹಂಚುತ್ತಿರುವುದು ಮಾತ್ರ ಚಿಂತೆಯ ವಿಷಯ. ಮೊಬೈಲಿನಲ್ಲಿ ಹರಿದಾಡುವ ಪಟ್ಟಿಗಳನ್ನು ತಡೆಯುವವರಿಲ್ಲ, ನಿಜ. ಆದರೆ ಪತ್ರಿಕೆಯಲ್ಲಿ ಅಚ್ಚಾದದ್ದನ್ನು ಜನ ಪ್ರಮಾಣವೆಂದು ನಂಬುತ್ತಾರೆ, ಕತ್ತರಿಸಿ ಇಟ್ಟುಕೊಳ್ಳುತ್ತಾರೆ, ನಾಮಕರಣದ ದಿನ ಬಂದವರಿಗೆಲ್ಲ ಅದನ್ನೇ ಹೇಳುತ್ತಾರೆ. ಮುಂದೆ ಆ ಮಗು ಶಾಲೆಯಲ್ಲಿ ಅದೇ ತಪ್ಪು ಅರ್ಥವನ್ನು ಹೇಳಿಕೊಂಡು ಬೆಳೆಯುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು, ಕಿಟ್ಟೆಲ್ಲರ 1894ರ ನಿಘಂಟು, ಶಾಸನಗಳ ಸಂಪುಟಗಳು ಎಲ್ಲವೂ ಕೈಗೆ ಎಟುಕುವಂತಿರುವಾಗ, ಅಚ್ಚಿಗೆ ಕಳಿಸುವ ಮುನ್ನ ಒಮ್ಮೆ ತೆರೆದು ನೋಡುವುದು ಕಷ್ಟದ ಕೆಲಸವೇನಲ್ಲ.

ಹೆಸರು ಹುಡುಕುತ್ತಿರುವ ತಂದೆತಾಯಿಯರಿಗೂ ಒಂದು ಮಾತು ಹೇಳಬೇಕೆನಿಸುತ್ತದೆ. ಆಸ್ಪತ್ರೆಯಿಂದ ಹೊರಡುವ ಮೊದಲೇ ಹೆಸರು ಗೊತ್ತಾಗಬೇಕೆಂಬ ಅವಸರ ಬೇಡ. ಹೆಸರಿಲ್ಲದೆಯೂ ಜನನ ನೋಂದಣಿ ಮಾಡಿಸಬಹುದು. ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ಶುಲ್ಕವಿಲ್ಲದೆ ಮಗುವಿನ ಹೆಸರನ್ನು ಸೇರಿಸಲು ಅವಕಾಶವಿದೆ, ಅನಂತರವೂ ಶುಲ್ಕ ಕಟ್ಟಿ ಸೇರಿಸಬಹುದು. ಅಷ್ಟು ಸಮಯದಲ್ಲಿ ಸಾಧ್ಯವಾದರೆ ಗದಗದ ಹತ್ತಿರದ ಲಕ್ಕುಂಡಿಗೆ ಒಮ್ಮೆ ಹೋಗಿಬನ್ನಿ. ಬ್ರಹ್ಮಜಿನಾಲಯದಲ್ಲಿ ನಿಂತು ಈ ಹೆಸರನ್ನು ಬಾಯಿಬಿಟ್ಟು ಒಮ್ಮೆ ಕರೆದು ನೋಡಿದರೆ, ಅದು ಉಚ್ಚರಿಸಲು ಎಷ್ಟು ಹಗುರವಾದ ಹೆಸರೆಂದು ತಿಳಿದೀತು. ಪೂರ್ತಿ ಹೆಸರು ಉದ್ದವೆನಿಸಿದರೆ ಮನೆಯಲ್ಲಿ ಅತ್ತಿ ಎಂದು ಮುದ್ದಿನಿಂದ ಕರೆಯುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಕರ್ನಾಟಕ ಸರ್ಕಾರ ಲೇಖಕಿಯರಿಗೆ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರಿನಲ್ಲಿ ಪ್ರಶಸ್ತಿ ನೀಡುತ್ತ ಬಂದಿರುವುದರಿಂದ ಹೆಸರಂತೂ ಮರೆಯಾಗಿಲ್ಲ. ಪ್ರಶಸ್ತಿಯ ಸುದ್ದಿ ಬಂದಾಗಲೆಲ್ಲ ಅದು ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಅದರ ಅರ್ಥವೂ ಸರಿಯಾಗಿ ಅಚ್ಚಾಗಲಿ ಎಂಬುದಷ್ಟೇ ನನ್ನ ಕೋರಿಕೆ. ಆದ್ದರಿಂದ ಮುಂದಿನ ಪುರವಣಿಯಲ್ಲಿ ತಿದ್ದುಪಡಿಯೊಂದನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಅದು ಹೀಗಿದ್ದರೆ ಸಾಕು: ‘ಅತ್ತಿಮಬ್ಬೆ: ಅತ್ತಿಮ ಎಂಬ ಹೆಸರಿಗೆ ತಾಯಿ ಎಂಬ ಅರ್ಥದ ಅಬ್ಬೆ ಸೇರಿ ಆದದ್ದು, ಅತ್ತಿ ಎಂಬುದು ಅತ್ತಿಮರವನ್ನು ಸೂಚಿಸುತ್ತಿರಬಹುದು. ದಾನಚಿಂತಾಮಣಿ ಎಂಬುದು ಲಕ್ಕುಂಡಿಯಲ್ಲಿ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆಯ ಬಿರುದು, ಹೆಸರಿನ ಅರ್ಥವಲ್ಲ.’

ಇತಿ,
ತಮ್ಮ ಪತ್ರಿಕೆಯ ಓದುಗ