ತಾಣ ತೆರೆಯುತ್ತಿಲ್ಲವೇ? ಪರೀಕ್ಷಿಸಿ ನೋಡಿ

ಮಾನ್ಯರೇ,

ಕೆಲವು ಜಾಲತಾಣಗಳು ಮಾತ್ರ ತೆರೆಯದಿದ್ದರೆ, ಇಂಟರ್ನೆಟ್ ಕಂಪನಿಯೇ ಅವನ್ನು ತಡೆಯುತ್ತಿದೆಯೇ ಎಂದು ತಿಳಿಯುವ ಹಕ್ಕು ಗ್ರಾಹಕರಿಗೆ ಬೇಕು. ಸಾಮಾನ್ಯ ಸ್ಪೀಡ್ ಟೆಸ್ಟ್ ಇದಕ್ಕೆ ಸಾಲದು. ಅದು ಯಾವುದೋ ಒಂದು ಸರ್ವರ್‌ವರೆಗಿನ ವೇಗವನ್ನಷ್ಟೇ ಹೇಳುತ್ತದೆ. 2012ರಿಂದ ನಡೆಯುತ್ತಿರುವ, ಇಂಟರ್ನೆಟ್ ತಡೆಗಳನ್ನು ದಾಖಲಿಸುವ ಊನಿ (OONI) ಯೋಜನೆಯ ‘ಊನಿ ಪ್ರೋಬ್’ ಎಂಬ ಉಚಿತ ಆ್ಯಪ್ ತಾಣಗಳನ್ನು ಒಂದೊಂದಾಗಿ ಪರೀಕ್ಷಿಸುತ್ತದೆ. ಡಿಎನ್ಎಸ್ (ತಾಣದ ಹೆಸರಿಗೆ ಅದರ ಅಂಕಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಕೊಟ್ಟ ಉತ್ತರ ತಿರುಚಿದಂತಿದೆಯೇ, ಸಂಪರ್ಕ ನಡುವೆ ಕಡಿದಿದೆಯೇ ಎಂಬ ಸುಳಿವು ಕೊಡುತ್ತದೆ. ಫಲಿತಾಂಶ ಎಲ್ಲರಿಗೂ ಕಾಣುವಂತೆ ಪ್ರಕಟವಾಗುವುದರಿಂದ, ಬಳಸುವ ಮುನ್ನ ಅದರ ಎಚ್ಚರಿಕೆಗಳನ್ನು ಓದಲೇಬೇಕು.

ಒಮ್ಮೆ ತೆರೆಯಲಿಲ್ಲವೆಂದು ಸುಮ್ನೆ ದೂರುವುದೂ ಸರಿಯಲ್ಲ. ತಾಣದ ಸರ್ವರೇ ಕೆಟ್ಟಿರಬಹುದು, ಅಲ್ವಾ? ಬೇರೆ ಹೊತ್ತಿನಲ್ಲಿ, ಇನ್ನೊಂದು ಕಂಪನಿಯ ನೆಟ್‌ನಲ್ಲೂ ನೋಡಬೇಕು. ತಡೆದ ತಾಣಗಳ ಪಟ್ಟಿಯನ್ನು ಕಂಪನಿಗಳು ಕಾರಣಸಮೇತ ತಾವೇ ಪ್ರಕಟಿಸಲಿ.

– ಒಬ್ಬ ಓದುಗ