ಆ ಟ್ಯೂಬನ್ನು ಇವತ್ತೇ ಬದಿಗಿಡು

ಡೊಂಬಿವಲಿ

ಚಿ. ಸುಧೀರನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಫೋಟೋ ನೋಡಿದೆ. ಅಮ್ಮನಿಗೆ ಹೇಳಲು ನಾಚಿಕೆಯಾಗಿ ನನಗೆ ಹೇಳಿದೆಯಲ್ಲ, ಒಳ್ಳೆಯದೇ ಆಯಿತು. ಇಲ್ಲಿನ ಮುನ್ಸಿಪಾಲಿಟಿ ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ನರ್ಸಾಗಿದ್ದೇ ನಿವೃತ್ತಳಾದವಳು ನಾನು. ತೊಡೆಸಂದಿನ ತುರಿಕೆಗೆ ನನ್ನ ಮುಂದೆ ಸಂಕೋಚ ಬೇಡ.

ಅಂಚು ಕೆಂಪಗೆ ಉಬ್ಬಿ, ನಡುವೆ ತಿಳಿಯಾಗಿ, ಬಳೆಯ ಹಾಗೆ ದೊಡ್ಡದಾಗುತ್ತಾ ಹೋಗುವುದು ಬಹುಮಟ್ಟಿಗೆ ಗಜಕರ್ಣವೇ. ಶಿಲೀಂಧ್ರದಿಂದ ಬರುವುದು. ಮಳೆಗಾಲದ ಮುಂಬಯಿ ಅದಕ್ಕೆ ಹೇಳಿ ಮಾಡಿಸಿದ ಊರು. ಲೋಕಲ್ ರೈಲಿನ ನೂಕಿನಲ್ಲಿ ಬೆವರು, ಘನ್ಸೋಲಿ ಸ್ಟೇಷನ್ನಿನಿಂದ ರೂಮಿಗೆ ನೆನೆದುಕೊಂಡು ನಡಿಗೆ, ಮೂರು ದಿನವಾದರೂ ಒಣಗದ ಜೀನ್ಸ್, ಅದನ್ನೇ ಹಸಿಹಸಿ ಏರಿಸಿಕೊಂಡು ಆಫೀಸು. ಹತ್ತಿಯ ಸಡಿಲ ಪ್ಯಾಂಟು ಹಾಕಿದರೆ ನಿಮ್ಮ ಕಂಪನಿಯೇನೂ ಮುಳುಗುವುದಿಲ್ಲ.

ನನಗೆ ಚಿಂತೆಯಾದದ್ದು ಗಜಕರ್ಣದಿಂದಲ್ಲ, ನೀನು ಮೆಡಿಕಲ್‌ನವನ ಮಾತು ಕೇಳಿ ತಂದ ಟ್ಯೂಬಿನಿಂದ. ಅದರ ಹಿಂದೆ ಸಣ್ಣಕ್ಷರದಲ್ಲಿ ನಾಲ್ಕು ಔಷಧಿಗಳ ಹೆಸರಿವೆ, ಮೊದಲನೆಯದೇ ಕ್ಲೊಬೆಟಾಸಾಲ್. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಅದಕ್ಕಿಂತ ಜೋರಿನದು ಇಲ್ಲವೆಂದೇ ಹೇಳಬೇಕು. ಹಚ್ಚಿದ ಎರಡು ಮೂರು ದಿನಕ್ಕೆ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ವಾಸಿಯಾಯಿತು ಅನ್ನಿಸುತ್ತದೆ. ಆಗುವುದಿಷ್ಟೇ: ರೋಗದ ವಿರುದ್ಧ ಚರ್ಮ ಮಾಡುತ್ತಿದ್ದ ಜಗಳವನ್ನು ಸ್ಟೀರಾಯ್ಡ್ ಅಡಗಿಸಿಬಿಡುತ್ತದೆ. ಎದುರಾಳಿ ಸುಮ್ಮನಾದ ಮೇಲೆ ಶಿಲೀಂಧ್ರ ಆರಾಮಾಗಿ ಸೊಂಟಕ್ಕೆ, ಪೃಷ್ಠಕ್ಕೆ ಹಬ್ಬುತ್ತದೆ. ಹಚ್ಚುವುದು ಬಿಟ್ಟರೆ ಇಮ್ಮಡಿ ತುರಿಕೆ, ಮತ್ತೆ ಟ್ಯೂಬು. ಕೆಲವು ತಿಂಗಳು ಹೀಗೇ ನಡೆದರೆ ಅಂಚೇ ಅಳಿಸಿಹೋಗಿ ಡಾಕ್ಟರಿಗೂ ಗುರುತು ಸಿಗದ ಹಾಗಾಗುತ್ತದೆ. ತೊಡೆಸಂದಿನ ಚರ್ಮ ಮೊದಲೇ ತೆಳು. ಅಲ್ಲಿ ಬಸುರಿಯರ ಹೊಟ್ಟೆಯ ಮೇಲೆ ಬರುವಂಥ ಗೆರೆಗಳು ಬೀಳುತ್ತವೆ. ಆ ಗೆರೆ ಪೂರ್ತಿ ಹೋಗುವಂಥದ್ದಲ್ಲ. ಇಪ್ಪತ್ತರ ಹುಡುಗರ ಮೈಮೇಲೆ ಅವನ್ನು ನೋಡಿ ನೋಡಿ ನನಗೆ ಸಾಕಾಗಿದೆ.

2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದು. ನಿನಗೆ ಚೀಟಿ ಕೇಳಿದರೇನು? ಕೇಳಿರಲಾರರು. ಟ್ಯೂಬಿನ ಮೇಲೆ ಕ್ಲೊಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಎಂದು ಕಂಡರೆ ಅದು ಸ್ಟೀರಾಯ್ಡ್ ಅಂತ ನೆನಪಿಟ್ಟುಕೋ. ಇಸುಬಿಗೆ, ಸೋರಿಯಾಸಿಸ್‌ಗೆ ಡಾಕ್ಟರು ಅಳತೆ ಹೇಳಿ ಕೊಟ್ಟಾಗ ಅದೇ ಒಳ್ಳೆಯ ಔಷಧಿ. ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಿನ್ನ ತಂಗಿ ಬೆಳ್ಳಗಾಗಲು ಏನೋ ಕ್ರೀಮು ಹಚ್ಚುತ್ತಾಳಂತೆ, ಅದರ ಹಿಂದೆಯೂ ಈ ಹೆಸರುಗಳಿವೆಯಾ ನೋಡಲು ಹೇಳು. ಬಿಟ್ಟ ಮೇಲೆ ಮುಖ ಕೆಂಪೇರಿ, ಮೊಡವೆ ಎದ್ದು, ಬಿಸಿಲಿಗೆ ಹೋದರೆ ಉರಿಯುವುದು ಈ ಕ್ರೀಮುಗಳ ಕೊಡುಗೆ.

ಬೆಳ್ಳುಳ್ಳಿ ಜಜ್ಜಿ ಕಟ್ಟುವುದು, ನಿಂಬೆಹಣ್ಣು ಉಜ್ಜುವುದು ಯಾವುದೂ ಬೇಡ. ಸುಟ್ಟಗಾಯವಾಗಿ ಬರುತ್ತಿದ್ದವರಿದ್ದರು.

ನಿನ್ನ ರೂಮಿನ ಇನ್ನಿಬ್ಬರೂ ತುರಿಸಿಕೊಳ್ಳುತ್ತಾರೆ ಅಂದೆಯಲ್ಲ, ಅದನ್ನು ಸರಿಯಾಗಿ ವಿಚಾರಿಸು. ರಾತ್ರಿ ಮಲಗಿದ ಮೇಲೆ ಹೆಚ್ಚಾಗುತ್ತದೆಯೇ? ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳಿನ ಸುತ್ತ ಸಣ್ಣ ಗುಳ್ಳೆಗಳಿವೆಯೇ? ಇದ್ದರೆ ಅದು ಗಜಕರ್ಣವಲ್ಲ, ಕಜ್ಜಿ. ಅದಕ್ಕೆ ಕಾರಣ ಚರ್ಮದೊಳಗೆ ಬಿಲ ತೋಡುವ ಕಣ್ಣಿಗೆ ಕಾಣದಷ್ಟು ಚಿಕ್ಕ ಹುಳ. ಡಾಕ್ಟರು ಸಾಮಾನ್ಯವಾಗಿ 5% ಪರ್ಮೆಥ್ರಿನ್ ಕ್ರೀಮು ಬರೆಯುತ್ತಾರೆ. ಕುತ್ತಿಗೆಯಿಂದ ಪಾದದವರೆಗೆ ಒಂದಿಂಚೂ ಬಿಡದೆ ರಾತ್ರಿ ಹಚ್ಚಿ, ಬೆಳಿಗ್ಗೆ ತೊಳೆದು, ವಾರ ಬಿಟ್ಟು ಮತ್ತೊಮ್ಮೆ. ತುರಿಕೆ ಇರಲಿ ಬಿಡಲಿ, ರೂಮಿನವರೆಲ್ಲ ಒಂದೇ ರಾತ್ರಿ ಹಚ್ಚಬೇಕು, ಇಲ್ಲದಿದ್ದರೆ ಒಬ್ಬನಿಂದ ಒಬ್ಬನಿಗೆ ಸುತ್ತುತ್ತಲೇ ಇರುತ್ತದೆ. ಹುಳ ಸತ್ತ ಮೇಲೂ ಎರಡು ಮೂರು ವಾರ ನವೆ ಇರುತ್ತದೆ, ಅದಕ್ಕೆ ಹೆದರಿ ಮತ್ತೆ ಮತ್ತೆ ಹಚ್ಚಬೇಡಿ.

ನಿನ್ನ ಬೆನ್ನಿನ ಮೇಲಿನ ತಿಳಿ ಮಚ್ಚೆಗಳು ಚಿಬ್ಬು ಇರಬೇಕು. ಅಂಟುವುದಿಲ್ಲ. ಬಣ್ಣ ಮರಳಲು ತಿಂಗಳುಗಳೇ ಹಿಡಿಯುತ್ತವೆ. ಆದರೆ ತಿಳಿ ಬಣ್ಣದ ಮಚ್ಚೆಯ ಮೇಲೆ ಮುಟ್ಟಿದ್ದು ಗೊತ್ತಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಕುಷ್ಠ ಹಾಗೆ ಶುರುವಾಗುವುದುಂಟು. ಸರ್ಕಾರ ಮಾತ್ರೆ ಪುಕ್ಕಟೆ ಕೊಡುತ್ತದೆ, ಆರು ತಿಂಗಳೋ ವರ್ಷವೋ ನುಂಗಿದರೆ ವಾಸಿ. ವಡಾಲಾದಲ್ಲಿ 1890ರಿಂದ ಅದಕ್ಕೇ ಅಂತ ಇರುವ ಆಕ್‌ವರ್ತ್ ಆಸ್ಪತ್ರೆಯ ಹೆಸರೆತ್ತಿದರೆ ನಮ್ಮವರು ಈಗಲೂ ದನಿ ತಗ್ಗಿಸುತ್ತಾರೆ, ಯಾಕೋ.

ನೀನು ರಜೆ ಹಾಕಿ ಸಾಯನ್ ಆಸ್ಪತ್ರೆಗೆ ಹೋಗು. ಠಾಣೆಗೆ ಬಂದು ಸ್ಲೋ ಲೋಕಲ್ ಹಿಡಿ, ಬೆಳಿಗ್ಗೆ ಬೇಗ ಕೇಸ್ ಪೇಪರ್, ಅಂದರೆ ಹೆಸರು ನೋಂದಾಯಿಸಿ ಕೊಡುವ ಚೀಟಿ, ಮಾಡಿಸು. ಟ್ಯೂಬನ್ನು ಎಸೆಯಬೇಡ, ತೋರಿಸಲು ಒಯ್ಯಿ. ಎಷ್ಟು ದಿನ ಹಚ್ಚಿದೆ ಅಂತ ಮುಚ್ಚಿಡಬೇಡ. ಬೇಕೆನಿಸಿದರೆ ಅಂಚನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ನೋವಾಗುವುದಿಲ್ಲ. ಈಗ ನಮ್ಮಲ್ಲಿ ಹಬ್ಬಿರುವ ಶಿಲೀಂಧ್ರ ಹಳೆಯ ಟರ್ಬಿನಾಫಿನ್ ಮಾತ್ರೆಗೆ ಎಷ್ಟೋ ಸಲ ಬಗ್ಗುವುದಿಲ್ಲ. 2020ರಲ್ಲಿ ಆ ಶಿಲೀಂಧ್ರಕ್ಕೆ ನಮ್ಮ ದೇಶದ ಹೆಸರನ್ನೇ ಸೇರಿಸಿ ಟ್ರೈಕೊಫೈಟನ್ ಇಂಡೋಟಿನಿಯೆ ಎಂದು ಕರೆದರು, ದೊಡ್ಡ ಗೌರವ! ಹಾಗಾಗಿ ಗೆಳೆಯನಿಗೆ ಬರೆದ ಮಾತ್ರೆ ನೀನು ನುಂಗಬೇಡ.

ಶಿಲೀಂಧ್ರಕ್ಕೆ ಇಟ್ರಕೊನಜೋಲ್ ಕ್ಯಾಪ್ಸೂಲ್ ಕೊಟ್ಟರೆ ಹೊಟ್ಟೆತುಂಬ ಊಟದ ಜೊತೆಗೇ ನುಂಗು, ಗ್ಯಾಸಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳು, ಅದು ಕ್ಯಾಪ್ಸೂಲನ್ನು ಮೈಗೆ ಹಿಡಿಯಗೊಡುವುದಿಲ್ಲ. ಡಾಕ್ಟರು ಕೊಟ್ಟ ಮುಲಾಮನ್ನು ಕಲೆಯ ಅಂಚು ದಾಟಿ ಎರಡು ಸೆಂಟಿಮೀಟರ್ ಆಚೆಯವರೆಗೂ ಹಚ್ಚು. ಕಣ್ಣಿಗೆ ಕಾಣದಂತಾದ ಮೇಲೂ ಎರಡು ವಾರ ಬಿಡಬೇಡ. ಟವೆಲ್ಲು, ಒಳಉಡುಪು ಬೇರೆ ಬಕೆಟ್ಟಿನಲ್ಲಿ ಬಿಸಿನೀರಿಗೆ ಹಾಕು. ಬಿಸಿಲಿಲ್ಲದ ದಿನ ಹೊಲಿಗೆಯ ಮೇಲೆಲ್ಲ ಇಸ್ತ್ರಿ ಎಳೆ.

ಅಮ್ಮನಿಗೆ ನಾನು ಹೇಳುವುದಿಲ್ಲ. ಡಾಕ್ಟರ ಚೀಟಿಯ ಫೋಟೋ ಮಾತ್ರ ಕಳಿಸು, ಅವರ ಅಕ್ಷರ ನನಗೆ ಓದಲು ಬರುತ್ತದೆ.

ನಿನ್ನ ದೊಡ್ಡಮ್ಮ